ಓದುಗರ ಪ್ರಶ್ನೆ, ನಮ್ಮ ಉತ್ತರ: ತಾಲೀಮಿನ ಮಣ್ಣಿನಿಂದ ಎಂಎಂಎ ಕೇಜಿಗೆ

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಈಚೆಗೆ ಬಂದ ಪತ್ರಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಕಾಣಿಸಿಕೊಂಡದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅಂದರೆ ಎಂಎಂಎ, ಗುದ್ದು, ಒದೆ, ಮೊಣಕೈ ಪೆಟ್ಟು, ಕುಸ್ತಿಯ ಪಟ್ಟು, ನೆಲದ ಮೇಲೆ ಕೈ ಮತ್ತು ಕತ್ತನ್ನು ಬಿಗಿಯುವ ಹಿಡಿತ ಎಲ್ಲಕ್ಕೂ ಅವಕಾಶವಿರುವ, ಕೇಜ್ ಎಂಬ ಜಾಲರಿ ಸುತ್ತಿದ ಕಣದಲ್ಲಿ ನಡೆಯುವ ಸ್ಪರ್ಧೆ. ದೊಡ್ಡ ಸಂಸ್ಥೆಗಳ ನಿಯಮದಂತೆ ಸಾಮಾನ್ಯ ಪಂದ್ಯಕ್ಕೆ ಐದು ನಿಮಿಷಗಳ ಮೂರು ಸುತ್ತು, ಪಟ್ಟದ ಪಂದ್ಯಕ್ಕೆ ಐದು ಸುತ್ತು. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟು ಊರುಗಳನ್ನಷ್ಟೇ ಕೊಟ್ಟಿದ್ದೇವೆ.

ಮುಧೋಳ ತಾಲ್ಲೂಕಿನಿಂದ: ಮಾನ್ಯರೇ, ನನ್ನ ತಮ್ಮನಿಗೆ ಈಗ 23 ವರ್ಷ. ಚಿಕ್ಕಂದಿನಿಂದ ಊರ ತಾಲೀಮಿನಲ್ಲಿ ಸಾಮು ಮಾಡಿ, ಸುತ್ತಲಿನ ಜಾತ್ರೆಗಳ ಕುಸ್ತಿಯಲ್ಲಿ ಹೆಸರು ಮಾಡಿದ ಹುಡುಗ. ಎರಡು ವರ್ಷಗಳ ಹಿಂದೆ ಬೆಳಗಾವಿಗೆ ಹೋಗಿ ಎಂಎಂಎ ಕಲಿಯತೊಡಗಿದ. ನಾಲ್ಕು ಪಂದ್ಯಗಳಲ್ಲಿ ಮೂರನ್ನು ಗೆದ್ದ. ನಾಲ್ಕನೆಯದರಲ್ಲಿ ಒಂದು ನಿಮಿಷ ತುಂಬುವ ಮೊದಲೇ ಗುದ್ದು ತಿಂದು ಬಿದ್ದ. ಅದಾಗಿ ಎಂಟು ತಿಂಗಳಾದರೂ ಮತ್ತೊಂದು ಪಂದ್ಯ ಸಿಕ್ಕಿಲ್ಲ. ಈಗ ಥಾಯ್ಲೆಂಡಿನ ಫುಕೆಟ್‌ಗೆ ಹೋಗಿ ಮೂರು ತಿಂಗಳು ತರಬೇತಿ ಪಡೆಯುತ್ತೇನೆ, ಮೂರು ಲಕ್ಷ ಕೊಡಿ ಎನ್ನುತ್ತಾನೆ. ಮನೆಯಲ್ಲಿರುವುದು ಕಾರ್ಖಾನೆಯಿಂದ ಬಂದ ಕಬ್ಬಿನ ಬಿಲ್ಲು ಮಾತ್ರ. ಸೋತವನಿಗೆ ರೊಕ್ಕ ಯಾಕೆ, ಕುಸ್ತಿಗೆ ಮರಳಿ ಪೊಲೀಸ್ ನೌಕರಿ ನೋಡಲಿ ಎಂದು ಅಪ್ಪ ಹಟ ಹಿಡಿದಿದ್ದಾರೆ. ಅವನ ಆಟ ಇಲ್ಲಿಗೆ ಮುಗಿಯಿತೇ?

ಉತ್ತರ: ಒಂದು ಸೋಲಿಗೆ ಯಾರ ಆಟವೂ ಮುಗಿಯುವುದಿಲ್ಲ ಎಂಬುದನ್ನು ಮೊದಲು ನಿಮ್ಮ ತಂದೆಯವರಿಗೆ ತಿಳಿಸಿ. ಕೆನಡಾದ ಜಾರ್ಜ್ ಸೇಂಟ್ ಪಿಯೆರ್ 2007ರಲ್ಲಿ, ಗೆಲ್ಲಬಹುದೆಂದು ಯಾರೂ ಎಣಿಸಿರದ ಮ್ಯಾಟ್ ಸೆರ್ರಾ ಅವರ ಎದುರು ಮೊದಲ ಸುತ್ತಿನಲ್ಲೇ ಗುದ್ದು ತಿಂದು, ಎಂಎಂಎಯ ಅತಿ ದೊಡ್ಡ ಅಮೆರಿಕನ್ ಸಂಸ್ಥೆಯಾದ ಯುಎಫ್‌ಸಿ ಪಟ್ಟ ಕಳೆದುಕೊಂಡರು. ಮರುವರ್ಷ ಅದೇ ಎದುರಾಳಿಯನ್ನು ಮಣಿಸಿದವರು, 2013ರಲ್ಲಿ ತಾವಾಗಿಯೇ ಬಿಟ್ಟುಕೊಡುವವರೆಗೆ ಆ ಪಟ್ಟವನ್ನು ಯಾರಿಗೂ ಸೋಲಲಿಲ್ಲ. ಬ್ರೆಜಿಲ್‌ನ ಚಾರ್ಲ್ಸ್ ಒಲಿವೆರಾ 2010ರಲ್ಲಿ ಯುಎಫ್‌ಸಿ ಸೇರಿ, ಅಲ್ಲಿ ಎಂಟು ಸೋಲುಂಡು, 2021ರ ಮೇ ತಿಂಗಳಲ್ಲಿ ಚಾಂಪಿಯನ್ ಆದರು. ಆದರೆ ಈ ಕಥೆಗಳು ನಮ್ಮ ಕಿವಿಗೆ ಬಿದ್ದದ್ದೇ ಅವು ಪಟ್ಟ ಗೆದ್ದವರ ಕಥೆಗಳೆಂಬ ಕಾರಣಕ್ಕೆ. ಅಷ್ಟೇ ಸಲ ಸೋತು, ಅಷ್ಟೇ ಹಟದಿಂದ ಕಾದು, ಏನೂ ಸಿಗದೆ ಮನೆಗೆ ಮರಳಿದವರ ಬಗ್ಗೆ ಯಾರೂ ಬರೆಯುವುದಿಲ್ಲ. ಆದ್ದರಿಂದ ತಮ್ಮನ ಮುಂದಿನ ದಾರಿಯನ್ನು ಒಲಿವೆರಾ ಅವರನ್ನು ನೋಡಿ ಅಳೆಯಬೇಡಿ, ಆ ನಲವತ್ತೈವತ್ತು ಸೆಕೆಂಡುಗಳ ಸೋಲನ್ನು ನೋಡಿಯೂ ಅಳೆಯಬೇಡಿ.

ನಿಮ್ಮ ಪತ್ರದಲ್ಲಿ ನಮ್ಮನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಆ ಎಂಟು ತಿಂಗಳು. ಜಾತ್ರೆಯ ಕುಸ್ತಿಯ ಲೆಕ್ಕವೇ ಬೇರೆ. ಹಂಗಾಮು ಶುರುವಾಯಿತೆಂದರೆ ಈ ಊರಿನಲ್ಲಿ ಬೆನ್ನು ಮಣ್ಣಿಗೆ ತಾಗಿಸಿಕೊಂಡ ಪೈಲ್ವಾನ ಮುಂದಿನ ವಾರ ಮತ್ತೊಂದು ಊರಿನಲ್ಲಿ ಜೋಡಿ ಹಿಡಿಯುತ್ತಾನೆ. ಹಲಗೆಯ ಸದ್ದಿನಲ್ಲಿ ಹಳೆಯ ಸೋಲು ಯಾರಿಗೂ ನೆನಪಿರುವುದಿಲ್ಲ. ಎಂಎಂಎಯಲ್ಲಿ ವರ್ಷಕ್ಕೆ ಎರಡು ಅಥವಾ ಮೂರು ಪಂದ್ಯ ಸಿಕ್ಕಿದರೆ ಅದೇ ಒಳ್ಳೆಯ ವರ್ಷ. ಪ್ರತಿಯೊಂದು ಫಲಿತಾಂಶವೂ ದಾಖಲೆಯಲ್ಲಿ ಉಳಿದು, ಪಂದ್ಯ ಹೊಂದಿಸುವ ಮ್ಯಾಚ್‌ಮೇಕರ್ ಹೆಸರನ್ನು ತೆಗೆದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಗೆಲ್ಲುತ್ತಿರುವ ಹುಡುಗನಿಗೆ ಜೋಡಿ ಸಿಗುವುದು ಕಷ್ಟ, ಏಕೆಂದರೆ ಎದುರಾಳಿಯ ಕಡೆಯವರು ಹಿಂಜರಿಯುತ್ತಾರೆ. ಸೋತ ಹುಡುಗನಿಗೆ ಸಿಗುವ ಕರೆಯಾದರೂ ಬಹಳ ಸಲ ಬೇರೊಬ್ಬನನ್ನು ಮೇಲೆತ್ತುವುದಕ್ಕಾಗಿ, ಅದೂ ಹತ್ತು ದಿನ ಮುಂಚೆ, ಯಾರೋ ಗಾಯಗೊಂಡು ಹಿಂದೆ ಸರಿದಾಗ ಬರುತ್ತದೆ.

ಉತ್ತರಾಖಂಡದ ಅನ್ಶುಲ್ ಜುಬ್ಲಿ ಅವರ ಕಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಏಷ್ಯಾದ ಹೊಸಬರಿಗಾಗಿ ನಡೆದ 'ರೋಡ್ ಟು ಯುಎಫ್‌ಸಿ' ಸ್ಪರ್ಧೆಯ ಲೈಟ್‌ವೇಟ್ ವಿಭಾಗವನ್ನು ಅವರು 2023ರ ಫೆಬ್ರುವರಿಯಲ್ಲಿ ಗೆದ್ದಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಅಲ್ಲಿಯವರೆಗೆ ಸೋಲೇ ಕಾಣದಿದ್ದವರು ಅದೇ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ಮೈಕ್ ಬ್ರೀಡನ್ ಅವರಿಗೆ ಮೂರನೆಯ ಸುತ್ತಿನಲ್ಲಿ ನಾಕೌಟ್ ಆದರು. ಮುಂದಿನ ಪಂದ್ಯ ಸಿಡ್ನಿಯಲ್ಲಿ, 2025ರ ಫೆಬ್ರುವರಿಯಲ್ಲಿ, ಅಂದರೆ ಸುಮಾರು ಹದಿನಾರು ತಿಂಗಳ ಬಳಿಕ. ಆ ಪಂದ್ಯ ನಡೆದದ್ದು 19 ಸೆಕೆಂಡು. ಹದಿನಾರು ತಿಂಗಳು ಬೆಳಗಿನ ಓಟ, ಸಂಜೆಯ ತಾಲೀಮು, ಪಥ್ಯ, ತರಬೇತುದಾರರ ಶುಲ್ಕ. ಕೊನೆಗೆ 19 ಸೆಕೆಂಡು. ಅವರನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಅವರು ಏರಿದ ಎತ್ತರಕ್ಕೆ ಏರಿದ ಭಾರತೀಯರನ್ನು ಬೆರಳಲ್ಲಿ ಎಣಿಸಬಹುದು. ಈ ವೃತ್ತಿಯಲ್ಲಿ ಬದುಕಿನ ಬಹುಪಾಲು ಕೇಜಿನ ಹೊರಗೆ, ಎರಡು ಪಂದ್ಯಗಳ ನಡುವೆಯೇ ಕಳೆಯುತ್ತದೆ, ಮತ್ತು ಅಲ್ಲಿ ಸಂಬಳ ಕೊಡುವವರು ಯಾರೂ ಇರುವುದಿಲ್ಲ. ನಿಮ್ಮ ತಮ್ಮ ಆ ತಿಂಗಳುಗಳನ್ನು ಹೇಗೆ ದಾಟುತ್ತಾನೆ ಎಂಬುದನ್ನು ಮನೆಯವರು ಕೇಳಬೇಕು. ಗುದ್ದು ತಡೆಯುವುದನ್ನು ಅವನ ಕೋಚ್ ಕಲಿಸಿಯಾರು.

ಇನ್ನು ಮೂರು ಲಕ್ಷದ ಮಾತು. ಫುಕೆಟ್‌ನ ತರಬೇತಿ ಶಿಬಿರಗಳಿಗೆ ಹೋಗುವುದು ಶೋಕಿಯಲ್ಲ. ಅಲ್ಲಿ ಅವನದೇ ತೂಕದ, ಅವನಿಗಿಂತ ಒಂದು ಕೈ ಮೇಲಿರುವ ಹತ್ತಾರು ಜೊತೆಗಾರರು ಒಂದೇ ಸೂರಿನಡಿ ಸಿಗುತ್ತಾರೆ. ಬೆಳಗಾವಿಯಲ್ಲಿ ಅಂಥವರು ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ಆದರೆ ಆ ಶಿಬಿರ ಕೌಶಲವನ್ನು ಕೊಡುತ್ತದೆಯೇ ಹೊರತು ಪಂದ್ಯವನ್ನು ಕೊಡುವುದಿಲ್ಲ. ಪಂದ್ಯದ ದಿನಾಂಕ ಕೈಯಲ್ಲಿಲ್ಲದೆ ಹೋದರೆ, ಮೂರು ತಿಂಗಳ ಬಳಿಕ ಮೈ ಹುರಿಗೊಂಡು ಮರಳುವ ಹುಡುಗ ಮತ್ತೆ ಅದೇ ದೂರವಾಣಿ ಕರೆಗಾಗಿ ಕಾಯುತ್ತ ಕೂರುತ್ತಾನೆ, ಕಲಿತದ್ದು ಆ ಹೊತ್ತಿಗೆ ತುಕ್ಕು ಹಿಡಿಯುತ್ತದೆ. ಹಾಗಾಗಿ ನಮ್ಮ ಅಭಿಪ್ರಾಯದಲ್ಲಿ ಕಬ್ಬಿನ ಹಣವನ್ನು ಈಗ ಕೊಡಬೇಡಿ. ಸಹಿ ಬಿದ್ದ ಕರಾರು ಬಂದ ದಿನ, ಪಂದ್ಯಕ್ಕೆ ಎಂಟು ವಾರ ಮೊದಲು ಹೋಗುವಂತೆ, ಅದರಲ್ಲಿ ಒಂದು ಭಾಗವನ್ನು ಕೊಡುವುದಾಗಿ ಮಾತು ಕೊಡಿ. ಆ ಮಾತನ್ನು ತಂದೆಯವರ ಬಾಯಿಂದಲೇ ಹೇಳಿಸಿ. ಅಣ್ಣನ ಮಾತಿಗಿಂತ ಅದಕ್ಕೆ ತೂಕ ಹೆಚ್ಚು.

ಪೊಲೀಸ್ ನೌಕರಿಯ ಬಗ್ಗೆ ತಂದೆಯವರು ಹೇಳುವುದರಲ್ಲಿ ಹುರುಳಿದೆ. ಕುಸ್ತಿಯಲ್ಲಿ ರಾಜ್ಯ ಅಥವಾ ರಾಷ್ಟ್ರಮಟ್ಟದ ಪದಕ ಬಂದರೆ ಪೊಲೀಸ್, ರೈಲ್ವೆ, ಸೇನೆಗಳಲ್ಲಿ ಕ್ರೀಡಾ ಕೋಟಾದ ದಾರಿ ಇದೆ. ವೃತ್ತಿಪರ ಎಂಎಂಎಯ ಗೆಲುವಿಗೆ ಆ ಬೆಲೆಯಿಲ್ಲ. ಆ ದಾರಿಗೆ ವಯೋಮಿತಿಯ ಬೇಲಿಯೂ ಉಂಟು. ಕೇಜಿನ ಬಾಗಿಲು ಮೂವತ್ತರ ಆಸುಪಾಸಿನವರೆಗೂ ತೆರೆದಿರುತ್ತದೆ, ಕೋಟಾದ ಬಾಗಿಲು ಅಷ್ಟು ದಿನ ಕಾಯುವುದಿಲ್ಲ. ಮುಂದಿನ ಎರಡು ವರ್ಷ ಮ್ಯಾಟ್ ಕುಸ್ತಿಯ ಆಯ್ಕೆ ಪಂದ್ಯಗಳನ್ನೂ ಅವನು ಬಿಡದಿರಲಿ. ಮ್ಯಾಟ್ ಮೇಲೆ ಗಳಿಸಿದ್ದು ಕೇಜಿನಲ್ಲಿಯೂ ಕೆಲಸಕ್ಕೆ ಬರುತ್ತದೆ.

ಗೋಕಾಕದಿಂದ: ಯುಎಫ್‌ಸಿಯಲ್ಲಿ ಒಂದು ಪಂದ್ಯ ಆಡಿದರೆ ಜನ್ಮಕ್ಕಾಗುವಷ್ಟು ಹಣ ಬರುತ್ತದೆಂದು ನಮ್ಮ ಕಾಕಾನ ಮಗ ಹೇಳುತ್ತಾನೆ. ಇದು ನಿಜವೇ?

ಉತ್ತರ: ಯುಎಫ್‌ಸಿಯ ದೊಡ್ಡ ತಾರೆ ಕಾನರ್ ಮೆಕ್‌ಗ್ರೆಗರ್ ಅವರಿಗೆ ಬಂದಿದೆ. ಹೊಸಬರಿಗೆ ಬರುವುದಿಲ್ಲ. ಯುಎಫ್‌ಸಿಗೆ ಕಾಲಿಡುವವರ ಮೊದಲ ಕರಾರು ಸಾಮಾನ್ಯವಾಗಿ ಕಣಕ್ಕಿಳಿದದ್ದಕ್ಕೆ 10ರಿಂದ 12 ಸಾವಿರ ಡಾಲರ್, ಗೆದ್ದರೆ ಮತ್ತೆ ಅಷ್ಟೇ ಎಂಬ ರೀತಿಯದಾಗಿತ್ತು. ಸೋತವರ ಕೈಗೆ ಹತ್ತು ಲಕ್ಷ ರೂಪಾಯಿಯ ಆಸುಪಾಸು ಎಂದುಕೊಳ್ಳಿ. ಅದರಲ್ಲಿ ಮ್ಯಾನೇಜರ್ ಪಾಲು, ಕೋಚ್ ಪಾಲು, ಅಮೆರಿಕದಲ್ಲಿ ಪಂದ್ಯವಾದರೆ ಅಲ್ಲಿಯ ತೆರಿಗೆ, ತಿಂಗಳುಗಟ್ಟಲೆ ತರಬೇತಿಯ ಖರ್ಚು ಎಲ್ಲ ಕಳೆಯಬೇಕು. ಅಂಥ ಪಂದ್ಯ ವರ್ಷಕ್ಕೊಂದೇ ಬಂದರೆ ಉಳಿಯುವುದೆಷ್ಟು ಎಂದು ನೀವೇ ಲೆಕ್ಕ ಹಾಕಬಹುದು. ನಮ್ಮ ದೇಶದ ಪಂದ್ಯಾವಳಿಗಳಲ್ಲಿ ಹೊಸಬರಿಗೆ ಸಿಗುವುದು ಇದಕ್ಕಿಂತ ತೀರಾ ಕಡಿಮೆ.

ಗೆಲುವಿಗೆ ಹಣ ಇಮ್ಮಡಿಯಾಗುವ ಈ ಪದ್ಧತಿಯಲ್ಲಿ ಒಂದು ವಿಚಿತ್ರವಿದೆ. ಉತ್ತರ ಪ್ರದೇಶದ ಪೂಜಾ ತೋಮರ್ 2024ರ ಜೂನ್‌ನಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಗೆದ್ದು, ಯುಎಫ್‌ಸಿಯಲ್ಲಿ ಜಯ ಕಂಡ ಮೊದಲ ಭಾರತೀಯ ಮಹಿಳೆಯಾದರು. ಆ ದಿನ ಒಬ್ಬ ತೀರ್ಪುಗಾರರು ಮೂರೂ ಸುತ್ತುಗಳನ್ನು ಅವರಿಗೆ ಕೊಟ್ಟರೆ, ಇನ್ನೊಬ್ಬರು ಮೂರನ್ನೂ ಎದುರಾಳಿಗೆ ಕೊಟ್ಟರು. ಮೂರನೆಯವರ 29-28ರ ಅಂಕವೇ ಪಂದ್ಯವನ್ನು ತೀರ್ಮಾನಿಸಿತು. ಇಂಥ ಕರಾರಿನಲ್ಲಿ ಆಡುವವರ ಅರ್ಧ ದುಡಿಮೆ ಮೇಜಿನಾಚೆ ಕೂತ ಒಬ್ಬರ ಪೆನ್ಸಿಲ್ಲಿನ ಮೇಲೆ ನಿಂತಿರುತ್ತದೆ. ಅಂಗಡಿಯಲ್ಲಾಗಲಿ ಹೊಲದಲ್ಲಾಗಲಿ ಅರ್ಧ ಕೂಲಿಯನ್ನು ಹೀಗೆ ಪಣಕ್ಕಿಟ್ಟು ದುಡಿಯಲು ಯಾರೂ ಒಪ್ಪಲಾರರು. ಸಂಸ್ಥೆಯ ವರಮಾನದಲ್ಲಿ ಹೋರಾಟಗಾರರಿಗೆ ಸಿಗುವ ಪಾಲು ತೀರಾ ಕಡಿಮೆ ಎಂದು ಅಲ್ಲಿಯ ಹಳೆಯ ಆಟಗಾರರು ಹೂಡಿದ ಮೊಕದ್ದಮೆ ಹತ್ತು ವರ್ಷ ನಡೆದು, 37.5 ಕೋಟಿ ಡಾಲರ್‌ಗೆ ರಾಜಿಯಾಗಿ, 2025ರಲ್ಲಿ ನ್ಯಾಯಾಲಯದ ಅಂತಿಮ ಒಪ್ಪಿಗೆ ಪಡೆಯಿತು. ಕಾಕಾನ ಮಗ ಮೆಕ್‌ಗ್ರೆಗರ್ ವಿಡಿಯೊಗಳ ನಡುವೆ ಆ ಮೊಕದ್ದಮೆಯ ಸುದ್ದಿಯನ್ನೂ ಓದಲಿ.

ಬೆಳಗಾವಿಯಿಂದ, ತಾಲೀಮಿನ ವಸ್ತಾದರೊಬ್ಬರು: ನನ್ನ ಬಳಿ ಕಲಿತ ಹುಡುಗರು ಒಬ್ಬೊಬ್ಬರಾಗಿ ಈ ಹೊಸ ಆಟಕ್ಕೆ ಹೋಗುತ್ತಿದ್ದಾರೆ. ಬೇಡವೆಂದರೆ ಕೇಳುವುದಿಲ್ಲ. ಮಣ್ಣಿನ ಕುಸ್ತಿಯಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬರುತ್ತದೆಯೇ? ಹೋಗುವವರಿಗೆ ನಾನು ಏನು ಹೇಳಿ ಕಳಿಸಬೇಕು?

ಉತ್ತರ: ವಸ್ತಾದರೇ, ಹೋಗುವವರನ್ನು ತಡೆಯದೆ, ಏನು ಹೇಳಿ ಕಳಿಸಲಿ ಎಂದು ಕೇಳಿದ್ದೀರಿ, ಇಂಥ ಗುರು ಸಿಕ್ಕ ಹುಡುಗರು ಪುಣ್ಯವಂತರು. ಕುಸ್ತಿಯ ಹಿನ್ನೆಲೆ ಈ ಆಟದಲ್ಲಿ ದೊಡ್ಡ ಬಂಡವಾಳ. ಪಂದ್ಯ ನಿಂತು ನಡೆಯಬೇಕೇ ನೆಲದ ಮೇಲೆ ನಡೆಯಬೇಕೇ ಎಂಬುದನ್ನು ತೀರ್ಮಾನಿಸುವವನು ಕೆಡವಬಲ್ಲವನೇ. ದಾಗೆಸ್ತಾನದ ಖಬೀಬ್ ನುರ್ಮಗೊಮೆದೊವ್ ಕುಸ್ತಿ ಮತ್ತು ರಷ್ಯಾದ ಮಲ್ಲವಿದ್ಯೆ ಸಾಂಬೊದ ಬಲದಿಂದ 29 ಪಂದ್ಯಗಳಲ್ಲಿ ಒಂದನ್ನೂ ಸೋಲದೆ 2020ರಲ್ಲಿ ನಿವೃತ್ತರಾದರು. ಅಮೆರಿಕದ ಒಲಿಂಪಿಕ್ ಕುಸ್ತಿಪಟು ಡೇನಿಯಲ್ ಕಾರ್ಮಿಯರ್ ಮೂವತ್ತರ ವಯಸ್ಸಿನಲ್ಲಿ ಎಂಎಂಎಗೆ ಬಂದು ಎರಡು ತೂಕ ವಿಭಾಗಗಳಲ್ಲಿ ಪಟ್ಟ ಗೆದ್ದರು.

ಆದರೆ ಮಣ್ಣಿನಲ್ಲಿ ಮೈಗೂಡಿದ ಕೆಲವು ಅಭ್ಯಾಸಗಳೇ ಕೇಜಿನಲ್ಲಿ ಶತ್ರುಗಳಾಗುತ್ತವೆ. ಚಿತ್ ಆಗಬಾರದೆಂಬ ಭಯ ಅವುಗಳಲ್ಲಿ ಮೊದಲನೆಯದು. ನಿಮ್ಮ ಹುಡುಗ ಬೆನ್ನು ನೆಲಕ್ಕೆ ತಾಗುವ ಸೂಚನೆ ಸಿಕ್ಕೊಡನೆ, ಯೋಚಿಸದೆ, ಬೋರಲು ತಿರುಗುತ್ತಾನೆ. ಕುಸ್ತಿಯಲ್ಲಿ ಅದು ಅವನನ್ನು ಉಳಿಸುತ್ತದೆ. ಇಲ್ಲಿ ಅದು ಎದುರಾಳಿಗೆ ಬೆನ್ನನ್ನು ಒಪ್ಪಿಸಿದಂತೆ. ಎದುರಾಳಿ ಎರಡೂ ಕಾಲುಗಳನ್ನು ಸೊಂಟಕ್ಕೆ ಸುತ್ತಿ, ಒಂದು ತೋಳನ್ನು ಗದ್ದದ ಕೆಳಗೆ ತೂರಿಸಿ, ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು ಒತ್ತಿದರೆ ಹತ್ತು ಸೆಕೆಂಡಿನೊಳಗೆ ಎಂಥ ಪೈಲ್ವಾನನಿಗೂ ಪ್ರಜ್ಞೆ ತಪ್ಪುತ್ತದೆ. ಕಾಲಿಗೆ ನುಗ್ಗುವಾಗ ತಲೆಯನ್ನು ಎದುರಾಳಿಯ ಪಕ್ಕೆಯ ಹೊರಗೆ ಇಡುವುದು ಇನ್ನೊಂದು ಅಭ್ಯಾಸ. ಆಗ ಕತ್ತು ಅವನ ಕಂಕುಳಕ್ಕೆ ಸಿಕ್ಕಿಬೀಳುತ್ತದೆ. ಯುಎಫ್‌ಸಿಯಲ್ಲಿ ಆಡಿದ ಮೊದಲ ಭಾರತೀಯ, ಕುಸ್ತಿಯ ಹಿನ್ನೆಲೆಯ ಭರತ್ ಖಂಡಾರೆ, 2017ರ ನವೆಂಬರ್‌ನಲ್ಲಿ ಶಾಂಘೈನಲ್ಲಿ ಚೀನಾದ ಸಾಂಗ್ ಯಾಡಾಂಗ್ ಅವರಿಗೆ ಸೋತದ್ದು ಇಂಥದೇ ಕತ್ತಿನ ಹಿಡಿತದಿಂದ, ಮೊದಲ ಸುತ್ತಿನಲ್ಲೇ. ಕಾಮನ್‌ವೆಲ್ತ್ ಕುಸ್ತಿ ಚಾಂಪಿಯನ್ ರಿತು ಫೋಗಟ್ ಏಷ್ಯಾದ ಎಂಎಂಎ ಸಂಸ್ಥೆಯಾದ ವನ್ ಚಾಂಪಿಯನ್‌ಶಿಪ್‌ಗೆ ಬಂದು, ಗೆಲುವಿನ ಮೇಲೆ ಗೆಲುವು ಕಂಡು, 2021ರ ಡಿಸೆಂಬರ್‌ನಲ್ಲಿ ಅದರ ಗ್ರ್ಯಾನ್ ಪ್ರಿ ಪಂದ್ಯಾವಳಿಯ ಫೈನಲ್ ತಲುಪಿದರು; ಅಲ್ಲಿ ಥಾಯ್ಲೆಂಡಿನ ಸ್ಟ್ಯಾಂಪ್ ಫೇರ್‌ಟೆಕ್ಸ್ ಅವರ ತೋಳು ಮುರಿಯುವ ಹಿಡಿತಕ್ಕೆ ಶರಣಾಗಬೇಕಾಯಿತು. ಕೆಡವುವುದು ಇವರಿಗೆ ಗೊತ್ತಿತ್ತು. ಕೆಳಗೆ ಬಿದ್ದವರಿಗೂ ಆಟ ಉಳಿದಿರುತ್ತದೆ ಎಂಬುದನ್ನು ಮೈ ಕಲಿಯಲು ವರ್ಷಗಳು ಬೇಕು.

ಲಂಗೋಟ ಹಿಡಿದು ಎತ್ತುವ ನಮ್ಮ ಪಟ್ಟುಗಳಿಗೂ ಅಲ್ಲಿ ಜಾಗವಿಲ್ಲ, ಎದುರಾಳಿಯ ಚಡ್ಡಿ ಹಿಡಿಯುವುದು ಅಲ್ಲಿ ತಪ್ಪು. ಬದಲಿಗೆ ಎದುರಾಳಿಯನ್ನು ಕೇಜಿನ ಜಾಲರಿಗೆ ಒತ್ತಿ ನಿಲ್ಲಿಸಿ ಕಾಲೆಳೆಯುವ ವಿದ್ಯೆ ಬೇಕು. ತಾಲೀಮಿನ ಗೋಡೆಗೆ ಒಂದು ಹಳೆಯ ಗಾದಿಯನ್ನು ಕಟ್ಟಿದರೆ ಅದನ್ನು ನೀವೇ ಕಲಿಸಬಹುದು. ನಿಮ್ಮ ಊರಿನಲ್ಲೇ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದ ಬಾಲಕರ ಕ್ರೀಡಾ ಕಂಪನಿಯಲ್ಲಿ ಕುಸ್ತಿಗೆ ಶಿಸ್ತಿನ ತರಬೇತಿ ಉಂಟು. ಚಿಕ್ಕ ಹುಡುಗರಿಗೆ ಆ ದಾರಿಯನ್ನು ಮೊದಲು ತೋರಿಸಿ. ಕೇಜಿಗೆ ಹೋಗಲೇಬೇಕೆನ್ನುವವರು ಹದಿನೆಂಟು ದಾಟಿದ ಮೇಲೆ ಹೋಗಲಿ.

ವಿಜಯಪುರದಿಂದ, ಪದವಿ ವಿದ್ಯಾರ್ಥಿನಿ: ನನ್ನ ತೂಕ 58 ಕೆ.ಜಿ. 52 ಕೆ.ಜಿ. ವಿಭಾಗದಲ್ಲಿ ಆಡಿದರೆ ಸುಲಭವಾಗಿ ಗೆಲ್ಲುತ್ತೀ, ಕೊನೆಯ ಹತ್ತು ದಿನಗಳಲ್ಲಿ ಆರು ಕಿಲೊ ಇಳಿಸು ಎಂದು ನಮ್ಮ ಕೋಚ್ ಹೇಳುತ್ತಾರೆ. ಎಲ್ಲರೂ ಹೀಗೇ ಮಾಡುತ್ತಾರಂತೆ. ಮಾಡಬಹುದೇ?

ಉತ್ತರ: ಬೇಡಮ್ಮಾ. ಬಹಳ ಜನ ಹೀಗೆ ಮಾಡುತ್ತಾರೆ ಎಂಬುದು ನಿಜ, ಆದರೆ ನಿಮ್ಮ ಮೈಯ ಹತ್ತನೆಯ ಒಂದು ಪಾಲು ಹತ್ತು ದಿನದಲ್ಲಿ ಕರಗುವುದಿಲ್ಲ, ಕಡಿಮೆಯಾಗುವುದು ನೀರು. ಉಪ್ಪು ಬಿಡಿಸುತ್ತಾರೆ, ಅನ್ನ ರೊಟ್ಟಿ ಬಿಡಿಸುತ್ತಾರೆ, ಕೊನೆಯ ದಿನ ನೀರನ್ನೂ ನಿಲ್ಲಿಸಿ, ಪ್ಲಾಸ್ಟಿಕ್ಕಿನಂಥ ಬೆವರು ಉಡುಪು ತೊಡಿಸಿ ಓಡಿಸುತ್ತಾರೆ, ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸುತ್ತಾರೆ. ಬಾಯಿ ಒಣಗಿ ಉಗುಳೂ ಬಾರದ ಸ್ಥಿತಿಯಲ್ಲಿ ತಕ್ಕಡಿ ಹತ್ತಿದವರು ಮರುದಿನ ಕೇಜಿಗೆ ಇಳಿಯುತ್ತಾರೆ. ಕಾರ್ಮಿಯರ್ ಅವರ ಹೆಸರನ್ನು ಮೇಲೆ ಹೇಳಿದೆವು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ಕುಸ್ತಿ ತಂಡದ ನಾಯಕರಾಗಿದ್ದ ಅವರು, ತೂಕ ಇಳಿಸುವಾಗ ಮೂತ್ರಪಿಂಡ ಕೈಕೊಟ್ಟದ್ದರಿಂದ ಒಂದೂ ಪಂದ್ಯ ಆಡಲಿಲ್ಲ. 2015ರ ಡಿಸೆಂಬರ್‌ನಲ್ಲಿ ವನ್ ಚಾಂಪಿಯನ್‌ಶಿಪ್‌ನ ಚೀನಾದ ಆಟಗಾರ ಯಾಂಗ್ ಜಿಯಾನ್‌ಬಿಂಗ್ ತೂಕ ಇಳಿಸುತ್ತಲೇ ಕುಸಿದು ತೀರಿಕೊಂಡರು. ಆಮೇಲೆ ಆ ಸಂಸ್ಥೆ, ನೀರು ಬಸಿದು ತೂಕ ಇಳಿಸುವುದನ್ನು ನಿಷೇಧಿಸಿ, ಮೂತ್ರ ಪರೀಕ್ಷೆಯಿಂದ ದೇಹದ ನೀರಿನ ಮಟ್ಟವನ್ನು ನೋಡತೊಡಗಿತು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಅವರಿಗೆ ಕೇವಲ 100 ಗ್ರಾಂ ಏನು ಮಾಡಿತೆಂಬುದನ್ನು ಇಡೀ ದೇಶ ನೋಡಿದೆ. ಒಲಿವೆರಾ ಕೂಡ 2022ರಲ್ಲಿ ಅರ್ಧ ಪೌಂಡು ಹೆಚ್ಚು ತೂಗಿ, ಪಂದ್ಯ ಗೆದ್ದೂ ಪಟ್ಟ ಕಳೆದುಕೊಂಡರು.

ನಿಮಗೆ ಸರಿಯಾದ ವಿಭಾಗ 56.7 ಕೆ.ಜಿ. ಮಿತಿಯ ಫ್ಲೈವೇಟ್. ಆರೇಳು ವಾರಗಳಲ್ಲಿ ಊಟ ಸ್ವಲ್ಪ ಹಿಡಿದರೆ ಅಲ್ಲಿಗೆ ತಲುಪುತ್ತೀರಿ, ಮುಟ್ಟಿನ ಏರುಪೇರೂ ಆಗದು. ಕೋಚ್ ಹೇಳಿದಂತೆ ತೂಕ ಕಳೆದು ನೀರು ಇಳಿದ ಮೈಯಲ್ಲಿ ತಲೆಗೆ ಬೀಳುವ ಪೆಟ್ಟು ಹೆಚ್ಚು ಅಪಾಯಕಾರಿ ಎಂಬ ಆತಂಕ ವೈದ್ಯರಲ್ಲಿದೆ ಎಂಬುದನ್ನು ಕೋಚ್‌ಗೆ ತಿಳಿಸಿ. ಆಗಲೂ ಅವರು 52 ಎಂದೇ ಹಟ ಹಿಡಿದರೆ ಕೋಚ್ ಬದಲಿಸಿ.

ಬಾಗಲಕೋಟೆಯಿಂದ, ತಾಯಿಯೊಬ್ಬರು: ಕಳೆದ ತಿಂಗಳು ನನ್ನ ಮಗನಿಗೆ ಪಂದ್ಯದಲ್ಲಿ ಎಚ್ಚರ ತಪ್ಪಿತ್ತು. ಹತ್ತೇ ದಿನದಲ್ಲಿ ಮತ್ತೆ ಅಭ್ಯಾಸಕ್ಕೆ ಹೋಗತೊಡಗಿದ. ಈಗ ತಲೆನೋವು ಎನ್ನುತ್ತಾನೆ, ಬೆಳಕು ಕಂಡರೆ ಸಿಡುಕುತ್ತಾನೆ, ಹೇಳಿದ್ದನ್ನು ಮರೆಯುತ್ತಾನೆ. ಕೇಳಿದರೆ ನಿದ್ದೆ ಸಾಲದು ಎನ್ನುತ್ತಾನೆ.

ಉತ್ತರ: ಅವ್ವಾ, ಈ ಪತ್ರಿಕೆ ನಿಮ್ಮ ಕೈಸೇರುವ ಹೊತ್ತಿಗೂ ಅವನನ್ನು ವೈದ್ಯರಲ್ಲಿ ತೋರಿಸಿರದಿದ್ದರೆ ಇವತ್ತೇ ಕರೆದುಕೊಂಡು ಹೋಗಿ. ನೀವು ಬರೆದದ್ದು ನಿದ್ದೆಗೇಡಿನ ಲಕ್ಷಣವಲ್ಲ, ಮೆದುಳಿಗೆ ಬಿದ್ದ ಪೆಟ್ಟು ಇನ್ನೂ ಮಾಯದಿರುವುದರ ಲಕ್ಷಣ. ವಾಂತಿ, ಮಂಪರು, ತೊದಲು ಮಾತು, ಒಂದು ಬದಿಯ ಕೈಕಾಲು ಸೋಲುವುದು ಕಂಡರೆ ಹಗಲೋ ರಾತ್ರಿಯೋ ಎಂದು ನೋಡದೆ ತುರ್ತು ಚಿಕಿತ್ಸೆಗೆ ಒಯ್ಯಿರಿ. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದರೆ ಮೆದುಳು ಬಾತು ಜೀವಕ್ಕೇ ಎರವಾಗಬಹುದು.

ಅಮೆರಿಕದಂಥ ಕಡೆ ನಾಕೌಟ್ ಆದವರಿಗೆ ಕ್ರೀಡಾ ಆಯೋಗದವರು ಒಂದರಿಂದ ಮೂರು ತಿಂಗಳವರೆಗೆ ಪಂದ್ಯ ನಿಷೇಧಿಸುವುದು ವಾಡಿಕೆ. ಆ ಅವಧಿಯಲ್ಲಿ ತಲೆಗೆ ಪೆಟ್ಟು ಬೀಳುವ ಅಭ್ಯಾಸವೂ ಕೂಡದು. ನಮ್ಮಲ್ಲಿ ಸಣ್ಣ ಪಂದ್ಯ ಮುಗಿಸಿ ಹೊರಬಂದ ಹುಡುಗನನ್ನು ಹೀಗೆ ತಡೆದು ನಿಲ್ಲಿಸುವವರು ಯಾರೂ ಇರುವುದಿಲ್ಲ. ಆ ಕೆಲಸ ತಾಯಿಯ ಪಾಲಿಗೆ ಬಂದಿದೆ. ಮಗನ ಕೋಚ್ ಬಳಿ ನೀವೇ ಹೋಗಿ, ವೈದ್ಯರು ಬರೆದುಕೊಡುವವರೆಗೆ ಇವನನ್ನು ಕಣಕ್ಕೆ ಇಳಿಸಕೂಡದೆಂದು ನಾಲ್ಕು ಜನರ ಎದುರಿಗೆ ಹೇಳಿ. ಪೆಟ್ಟುಗಳು ವರ್ಷಗಟ್ಟಲೆ ಕೂಡುತ್ತ ಹೋದರೆ ಸಿಟಿಇ ಎಂಬ ಮೆದುಳಿನ ಸವೆತ ಬರಬಹುದು. ಅದನ್ನು ಖಚಿತವಾಗಿ ಗುರುತಿಸುವುದು ಸತ್ತ ಮೇಲಷ್ಟೇ ಸಾಧ್ಯ. ಮೆದುಳಿಗೆ ಬೀಳುವ ಪೆಟ್ಟುಗಳಲ್ಲಿ ದೊಡ್ಡ ಪಾಲು ಪಂದ್ಯದ ದಿನದ್ದಲ್ಲ, ವಾರದ ಸ್ಪಾರಿಂಗ್, ಅಂದರೆ ಜೊತೆಗಾರರೊಡನೆ ನಡೆಸುವ ಅಭ್ಯಾಸದ ಗುದ್ದಾಟದ್ದು ಎಂಬುದನ್ನೂ ಮಗನಿಗೆ ತಿಳಿಸಿ.

ಅಥಣಿಯಿಂದ: ಈ ಆಟಗಾರರು ಎಷ್ಟನೆಯ ವಯಸ್ಸಿನವರೆಗೆ ಆಡುತ್ತಾರೆ?

ಉತ್ತರ: ಹೆಚ್ಚಿನವರಿಗೆ 27ರಿಂದ 34 ಏರುಗಾಲ. ಬ್ರೆಜಿಲ್‌ನ ಗ್ಲೋವರ್ ಟೆಷೇರಾ 42ನೆಯ ವಯಸ್ಸಿನಲ್ಲಿ ಪಟ್ಟ ಗೆದ್ದದ್ದು ಅಪವಾದ. ಹದಿನಾರು ಗೆಲುವುಗಳ ಸರಪಳಿ ಕಟ್ಟಿದ್ದ ಆಂಡರ್ಸನ್ ಸಿಲ್ವಾ 38ರಲ್ಲಿ ಕ್ರಿಸ್ ವೈಡ್‌ಮನ್ ಅವರಿಗೆ ಸೋತು, ಮರುಪಂದ್ಯದಲ್ಲಿ ಒದೆಯಲು ಹೋಗಿ ಕಾಲು ಮುರಿದುಕೊಂಡದ್ದು ಹೆಚ್ಚು ಸಾಮಾನ್ಯವಾದ ಮುಕ್ತಾಯ. ಕಾಲು ಕೂಡಿತು, ಆ ಹಳೆಯ ವೇಗ ಮರಳಲಿಲ್ಲ.

ಜಮಖಂಡಿಯಿಂದ: ಪಂದ್ಯಾವಳಿ ನಡೆಸುವ ಸಂಸ್ಥೆಯೊಂದು ಮೂರು ವರ್ಷಗಳ ಕರಾರಿಗೆ ಸಹಿ ಮಾಡು ಎಂದು ಕೇಳುತ್ತಿದೆ. ಇಪ್ಪತ್ತು ಪುಟದ ಇಂಗ್ಲಿಷ್ ಕಾಗದ. ಮನೆಯವರಿಗೆಲ್ಲ ಖುಷಿ. ಸಹಿ ಹಾಕಲೇ?

ಉತ್ತರ: ವಕೀಲರಿಗೆ ತೋರಿಸದೆ ಹಾಕಬೇಡಿ, ಜಮಖಂಡಿಯ ನ್ಯಾಯಾಲಯದ ಮುಂದೆ ಕೂರುವ ಯಾವ ವಕೀಲರಾದರೂ ಇದನ್ನು ಓದಿ ಹೇಳಬಲ್ಲರು. ಇಂಥ ಕರಾರುಗಳಲ್ಲಿ ಆಟಗಾರ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ. ಹಾಗಾಗಿ ಸಂಬಳವಿಲ್ಲ, ಭವಿಷ್ಯನಿಧಿಯಿಲ್ಲ. ಅಷ್ಟಾದರೂ ಬೇರೆ ಎಲ್ಲಿಯೂ ಆಡಕೂಡದು ಎಂಬ ಷರತ್ತು ಮಾತ್ರ ಇರುತ್ತದೆ. ಈ ಎರಡೂ ಒಟ್ಟಿಗೆ ಇದ್ದಾಗ ಆಟಗಾರನಿಗೆ ಬರುವ ದೊಡ್ಡ ಕಷ್ಟವೆಂದರೆ, ಅವರು ಪಂದ್ಯ ಕೊಡುವುದಿಲ್ಲ, ಬೇರೆಯವರಲ್ಲಿ ಆಡಲು ಬಿಡುವುದೂ ಇಲ್ಲ. ಆಡುವ ವಯಸ್ಸಿನ ಮೂರು ವರ್ಷ ಹೀಗೆಯೇ ಕಳೆದುಹೋಗಬಹುದು. ಆದ್ದರಿಂದ ವರ್ಷಕ್ಕೆ ಕನಿಷ್ಠ ಎಷ್ಟು ಪಂದ್ಯ ಕೊಡುತ್ತಾರೆಂದು ಸಂಖ್ಯೆಯಲ್ಲಿ ಬರೆಸಿ. ಅಷ್ಟು ಕೊಡದಿದ್ದರೆ ಕರಾರು ತಾನಾಗಿ ಮುರಿಯಬೇಕು, ಅಥವಾ ಆಡದ ಪಂದ್ಯಕ್ಕೂ ಕಣಕ್ಕಿಳಿಯುವ ಹಣವನ್ನು ಕೊಡಬೇಕು. ಪಂದ್ಯದಲ್ಲಾದ ಗಾಯದ ಚಿಕಿತ್ಸೆಯ ವೆಚ್ಚ ಯಾರದು, ಅಭ್ಯಾಸದಲ್ಲಾದ ಗಾಯದ್ದು ಯಾರದು ಎಂಬುದನ್ನು ಬೇರೆಬೇರೆಯಾಗಿ ಕೇಳಿ, ಏಕೆಂದರೆ ಎರಡನೆಯದನ್ನು ಸಾಮಾನ್ಯವಾಗಿ ಯಾರೂ ಹೊರುವುದಿಲ್ಲ. ಗಾಯಗೊಂಡು ಮಲಗಿದ ತಿಂಗಳುಗಳನ್ನು ಮೂರು ವರ್ಷದ ಅವಧಿಗೆ ಸೇರಿಸಿ ಕರಾರನ್ನು ಹಿಗ್ಗಿಸುವ ಸಾಲೊಂದು ಕಡೆಯ ಪುಟಗಳಲ್ಲಿ ಎಲ್ಲೋ ಅಡಗಿರಬಹುದು. ಅದನ್ನು ಹೊಡೆದು ಹಾಕಿಸಿ. ಒಪ್ಪದಿದ್ದರೆ, ಮೂರು ವರ್ಷದ ಬದಲು ಎರಡು ಪಂದ್ಯಗಳಿಗಷ್ಟೇ ಕರಾರು ಕೇಳಿ ನೋಡಿ. ಅವರಿಗೆ ನಿಮ್ಮ ಆಟ ಬೇಕಿದ್ದರೆ ಕೊಡುತ್ತಾರೆ.